ಟ್ರಿನಿಡಾಡ್‌ಗೆ ಹೋದ ಕೂಲಿಗಳ ಮಕ್ಕಳು, ಮಲೇಷ್ಯಾಕ್ಕೆ ಹೋದ ಕೂಲಿಗಳ ಮಕ್ಕಳು: ಇಷ್ಟು ವ್ಯತ್ಯಾಸ ಯಾಕೆ?

ಕೆಎಲ್_ಕುಂದಾಪುರ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕೌಲಾಲಂಪುರದಲ್ಲಿ ಇದ್ದೇನೆ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ.

ನಮ್ಮ ಆಫೀಸಿನಲ್ಲಿ ಟ್ರಿನಿಡಾಡ್‌ನವರು ಒಬ್ಬರು ಇದ್ದಾರೆ. ಅವರ ಮುತ್ತಜ್ಜ ಬಿಹಾರದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಹೋದವರು. ಅಜ್ಜನ ಕಾಲಕ್ಕೆ ಸ್ವಂತ ಕಬ್ಬಿನ ಗದ್ದೆ. ಅಪ್ಪ ಶಾಲಾ ಮೇಷ್ಟ್ರು. ಇವರು ಇಂಜಿನಿಯರ್. ನಮ್ಮ ಕಟ್ಟಡದ ಗೇಟಿನಲ್ಲಿ ಕೂರುವ ತಮಿಳು ಅಣ್ಣನ ಮುತ್ತಜ್ಜನೂ ಹಾಗೇ ಕೂಲಿಗೆ ಅಂತ ಇಲ್ಲಿನ ರಬ್ಬರ್ ತೋಟಕ್ಕೆ ಬಂದವರು. ಅಜ್ಜ ತೋಟದಲ್ಲೇ, ಅಪ್ಪನೂ ತೋಟದಲ್ಲೇ. ತೋಟ ಮಾರಿದಾಗ ಮನೆಯೂ ಹೋಯಿತು. ಈಗ ಬಾಡಿಗೆ ಫ್ಲ್ಯಾಟು, ಹನ್ನೆರಡು ಗಂಟೆ ಪಾಳಿ.

ಆಳಿದವರು ಇಬ್ಬರಿಗೂ ಅದೇ ಬ್ರಿಟಿಷರು. ಊರು ಬಿಡಿಸಿದ್ದು ಇಬ್ಬರನ್ನೂ ಬಡತನವೇ. ಮತ್ತೆ ಇಷ್ಟು ವ್ಯತ್ಯಾಸ ಹೇಗೆ ಬಂತು? ಗೊತ್ತಿದ್ದವರು ಹೇಳಿ. "ಅವರು ಕಷ್ಟಪಟ್ಟರು, ಇವರು ಪಡಲಿಲ್ಲ" ಅನ್ನುವ ಉತ್ತರ ಮಾತ್ರ ದಯವಿಟ್ಟು ಬೇಡ. ಆ ಮಾತನ್ನು ಇಲ್ಲಿ ಬೇಕಾದಷ್ಟು ಕೇಳಿದ್ದೇನೆ, ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಓದುಹುಳ
ಒಳ್ಳೆಯ ಪ್ರಶ್ನೆ. ಆದರೆ ಇಬ್ಬರನ್ನು ನೋಡಿ ಎರಡು ದೇಶ ಅಳೆಯೋದು ಸರೀನಾ? ಮಲೇಷ್ಯಾದಲ್ಲಿ ಭಾರತೀಯ ಮೂಲದ ಡಾಕ್ಟರು, ವಕೀಲರು ಎಷ್ಟೊಂದು ಜನ ಇದ್ದಾರೆ.

ಕೆಎಲ್_ಕುಂದಾಪುರ
ಇದ್ದಾರೆ, ಒಪ್ಪುತ್ತೇನೆ. ಆದರೆ ಅವರಲ್ಲಿ ಎಷ್ಟು ಜನ ತೋಟದ ಕೂಲಿಗಳ ಮೊಮ್ಮಕ್ಕಳು? ನನ್ನ ಪ್ರಶ್ನೆ ಅಲ್ಲಿದೆ.

ಧಾರವಾಡದ_ಮೇಷ್ಟ್ರು
ಇತಿಹಾಸ ಪಾಠ ಮಾಡಿದವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ. ತಾಳ್ಮೆ ಇರಲಿ.

ಮೊದಲು ಕೆರಿಬಿಯನ್. 1834ರಲ್ಲಿ ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿದರು. 1838ರ ಹೊತ್ತಿಗೆ ಆಫ್ರಿಕಾ ಮೂಲದ ಜನ ಪೂರ್ತಿ ಸ್ವತಂತ್ರರಾದರು. ಕಬ್ಬಿನ ತೋಟದ ಧಣಿಗಳಿಗೆ ಅಗ್ಗದ ಆಳು ಬೇಕಾಯಿತು. 1838ರ ಮೇ 5ಕ್ಕೆ ಗಯಾನಾಕ್ಕೆ, 1845ರ ಮೇ 30ಕ್ಕೆ ಟ್ರಿನಿಡಾಡ್‌ಗೆ ಭಾರತದ ಕೂಲಿಗಳ ಮೊದಲ ಹಡಗುಗಳು ಮುಟ್ಟಿದವು. 1917ರಲ್ಲಿ ನೇಮಕಾತಿ ನಿಲ್ಲುವ ತನಕ ಟ್ರಿನಿಡಾಡ್‌ಗೆ ಸುಮಾರು 1,44,000 ಜನ, ಗಯಾನಾಕ್ಕೆ ಸುಮಾರು 2,39,000 ಜನ ಹೋದರು. ಹೆಚ್ಚಿನವರು ಈಗಿನ ಯುಪಿ, ಬಿಹಾರದವರು. ಕಲ್ಕತ್ತಾದಲ್ಲಿ ಹಡಗು ಹತ್ತಿದವರು.

ಐದು ವರ್ಷದ ಕರಾರು. ಟ್ರಿನಿಡಾಡ್‌ನಲ್ಲಿ ಗಂಡಾಳಿಗೆ ದಿನಕ್ಕೆ 25 ಸೆಂಟ್. ಪಾಸ್ ಇಲ್ಲದೆ ತೋಟ ಬಿಟ್ಟು ಹೊರಗೆ ಕಾಲಿಟ್ಟರೆ ಜೈಲು. ಅಂದರೆ ಶುರುವಿನಲ್ಲಿ ಇವರ ಸ್ಥಿತಿಯೂ ನರಕವೇ. ಆದರೆ ಆ ಕರಾರಿನಲ್ಲಿ ಒಂದು ವಿಷಯ ಇತ್ತು: ಹತ್ತು ವರ್ಷ ಮುಗಿಸಿದವರಿಗೆ ಊರಿಗೆ ವಾಪಸ್ ಹೋಗಲು ಪುಕ್ಕಟೆ ಹಡಗು. ಅಷ್ಟು ದೂರಕ್ಕೆ ಜನರನ್ನು ವಾಪಸ್ ಕಳಿಸೋದು ಧಣಿಗಳಿಗೂ ಸರ್ಕಾರಕ್ಕೂ ಭಾರಿ ಖರ್ಚು. ಅದಕ್ಕೇ 1869ರಲ್ಲಿ ಟ್ರಿನಿಡಾಡ್ ಸರ್ಕಾರ ಹೇಳಿತು: ವಾಪಸ್ ಹೋಗುವ ಹಕ್ಕು ಬಿಟ್ಟುಕೊಡಿ, 10 ಎಕರೆ ಸರ್ಕಾರಿ ಜಮೀನು ತಗೊಳ್ಳಿ. ಈ ಯೋಜನೆ 1880ರ ತನಕ ನಡೆಯಿತು. ಇದರ ಜೊತೆಗೆ ಎಕರೆಗೆ ಒಂದು ಪೌಂಡಿನಂತೆ ಸರ್ಕಾರಿ ಜಮೀನು ಕೊಳ್ಳಲೂ ದಾರಿ ಆಯಿತು. ಜನ ಕೂಲಿ ಉಳಿಸಿ ಜಮೀನು ಕೊಂಡರು. ಕಬ್ಬು, ಕೋಕೋ, ಭತ್ತ, ತರಕಾರಿ ಬೆಳೆದರು. ಟ್ರಿನಿಡಾಡ್ ನಕ್ಷೆ ತೆಗೆದು ನೋಡಿ, ಫೈಜಾಬಾದ್, ಬರಾಕ್‌ಪುರ ಅಂತ ಹೆಸರಿನ ಊರುಗಳೇ ಇವೆ.

ಮಲಯಾದ (ಈಗಿನ ಪಶ್ಚಿಮ ಮಲೇಷ್ಯಾದ) ಕಥೆ ಬೇರೆ. ಅದನ್ನು ಇನ್ನೊಂದು ಉತ್ತರದಲ್ಲಿ ಬರೆಯುತ್ತೇನೆ.

ಕ್ರಿಕೆಟ್_ಹುಚ್ಚ
ಮೇಷ್ಟ್ರೇ, ವೆಸ್ಟ್ ಇಂಡೀಸ್ ಕ್ರಿಕೆಟ್ ಆಟಗಾರರಾದ ಕನ್ಹಾಯ್, ಕಾಳೀಚರಣ್, ಚಂದ್ರಪಾಲ್, ನರೈನ್ ಎಲ್ಲ ಹೀಗೆ ಹೋದವರ ವಂಶದವರೇ ಅಲ್ವಾ? ಕನ್ಹಾಯ್, ಕಾಳೀಚರಣ್ ಇಬ್ಬರೂ ಗಯಾನಾದ ಪೋರ್ಟ್ ಮೌರಂಟ್ ಅನ್ನುವ ಒಂದೇ ಕಬ್ಬಿನ ತೋಟದ ಊರಿನವರು.

ಧಾರವಾಡದ_ಮೇಷ್ಟ್ರು
ಹೌದು. ಗಯಾನಾದ ಅಧ್ಯಕ್ಷರಾಗಿದ್ದ ಚೆಡ್ಡಿ ಜಗನ್ ಕೂಡ ಅದೇ ಊರಿನವರು. ತೋಟದ ಕೂಲಿಗಳ ಮಗ, ದಂತವೈದ್ಯ ಓದಿದವರು.

ಈಗ ಮಲಯಾ. ಅಲ್ಲಿ ಮೊದಲು ಕರಾರು ಪದ್ಧತಿ ಇತ್ತು, 1910ರಲ್ಲಿ ನಿಂತಿತು. ಅದಕ್ಕೂ ಮುಂಚಿನಿಂದ ಕಂಗಾಣಿ ಪದ್ಧತಿ ಬೆಳೆಯುತ್ತಾ ಬಂದಿತ್ತು. ಕಂಗಾಣಿ ಅಂದರೆ ತೋಟದ ಮೇಸ್ತ್ರಿ. ತಮಿಳುನಾಡಿನ ತನ್ನ ಊರಿಗೇ ಹೋಗಿ, ತನ್ನ ನೆಂಟರು, ನೆರೆಹೊರೆಯವರಿಗೆ ಮುಂಗಡ ಕೊಟ್ಟು ಕರೆದುಕೊಂಡು ಬರುತ್ತಿದ್ದ. ಕೆಲಸಕ್ಕೆ ಬಂದ ಪ್ರತಿ ಆಳಿಗೆ ದಿನಕ್ಕೆ ಇಷ್ಟು ಅಂತ ಅವನಿಗೆ ತಲೆಕಾಸು. ಜೈಲಿನ ಭಯ ಇರಲಿಲ್ಲ, ಆದರೆ ಸಾಲದ ಹಗ್ಗ ಇತ್ತು. ಕಾರುಗಳು ಬಂದು ಟೈರಿಗೆ ರಬ್ಬರ್ ಬೇಕಾದಾಗ ಜನ ಲಕ್ಷಗಟ್ಟಲೆ ಹೋದರು. 1938ರಲ್ಲಿ ಭಾರತ ಸರ್ಕಾರವೇ ಇದನ್ನು ನಿಲ್ಲಿಸಿತು.

ಮುಖ್ಯ ವಿಷಯ ಏನೆಂದರೆ, ನಾಗಪಟ್ಟಣದಿಂದ ಪೆನಾಂಗ್‌ಗೆ ಹಡಗಿನಲ್ಲಿ ವಾರದ ದಾರಿ. ಕಲ್ಕತ್ತಾದಿಂದ ಟ್ರಿನಿಡಾಡ್‌ಗೆ ಹಾಯಿ ಹಡಗಿನಲ್ಲಿ ಮೂರು ತಿಂಗಳು. ಹತ್ತಿರ ಇದ್ದದ್ದೇ ಮಲಯಾದವರಿಗೆ ಮುಳುವಾಯಿತು ಅಂತ ನನ್ನ ಅಭಿಪ್ರಾಯ. ಬೇಕಾದಾಗ ಕರೆಸಿದರು, ಬೇಡವಾದಾಗ ಹಡಗು ಹತ್ತಿಸಿದರು. 1930ರ ಮುಗ್ಗಟ್ಟಿನಲ್ಲಿ ರಬ್ಬರ್ ಬೆಲೆ ಬಿದ್ದಾಗ ಲಕ್ಷಕ್ಕೂ ಹೆಚ್ಚು ಜನರನ್ನು ವಾಪಸ್ ಕಳಿಸಿದರು. ಹೀಗೆ ಹೋಗಿ ಬರುವವರಿಗೆ ಜಮೀನು ಕೊಡುವ ಮಾತು ಯಾಕೆ ಬರುತ್ತದೆ?

ಕೊಡಗಿನ_ಕಾಫಿ
ಮೇಸ್ತ್ರಿ, ಮುಂಗಡ, ಲೈನ್ ಮನೆ. ಇದೆಲ್ಲ ನಮ್ಮ ಕಡೆ ಕಾಫಿ ತೋಟದಲ್ಲೂ ಇದ್ದದ್ದೇ. ಉದ್ದಕ್ಕೆ ಒಂದೇ ಮಾಡು, ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಮುಂಗಡ ಯಾವತ್ತೂ ತೀರುವುದಿಲ್ಲ. ಮದುವೆ ಬಂತು, ಹೆರಿಗೆ ಬಂತು, ಮತ್ತೆ ಮುಂಗಡ.

ಲೆಕ್ಕಿಗ
ಭಾವನೆ ಸ್ವಲ್ಪ ಪಕ್ಕಕ್ಕಿಟ್ಟು ಅಂಕಿ ನೋಡೋಣ. ಮಲೇಷ್ಯಾ ಸರ್ಕಾರದ 2016ರ ಲೆಕ್ಕದಲ್ಲಿ ಮನೆಯೊಂದರ ತಿಂಗಳ ಮಧ್ಯಮ (ಮೀಡಿಯನ್) ಆದಾಯ ಭಾರತೀಯರಲ್ಲಿ 5,428 ರಿಂಗಿಟ್. ಭೂಮಿಪುತ್ರರಲ್ಲಿ, ಅಂದರೆ ಮಲಯ್ ಮತ್ತು ಇತರ ಮೂಲನಿವಾಸಿಗಳಲ್ಲಿ, 4,846. ಚೀನೀಯರಲ್ಲಿ 6,582. ಅಂದರೆ ಭಾರತೀಯರು ನಡುವೆ ಇದ್ದಾರೆ, ಕೊನೆಯಲ್ಲಿ ಇಲ್ಲ. ಮತ್ತೆ ಮಲೇಷ್ಯಾ ಅಂತ ದೇಶವೇ ಗಯಾನಾಕ್ಕಿಂತ ಎಷ್ಟೋ ವರ್ಷ ಮುಂದೆ ಇತ್ತು. ಹಾಗಾಗಿ "ಮಲೇಷ್ಯಾದವರು ಸೋತರು, ವೆಸ್ಟ್ ಇಂಡೀಸಿನವರು ಗೆದ್ದರು" ಅನ್ನೋದು ಅವಸರದ ಮಾತು.

ಇಪೋ_ಸೊಸೆ
ಲೆಕ್ಕಿಗ ಅವರೇ, ನಿಮ್ಮ ಅಂಕಿ ಸರಿ ಇದೆ. ಆದರೆ ಆ ಒಂದು ಅಂಕಿಯ ಒಳಗೆ ಎರಡು ಬೇರೆ ಬೇರೆ ಲೋಕ ಇವೆ. ಮದುವೆಯಾಗಿ ಮಲೇಷ್ಯಾದ ಇಪೋ ಪಟ್ಟಣಕ್ಕೆ ಬಂದ ಮಂಗಳೂರಿನವಳು ನಾನು. ನನ್ನ ಗಂಡನ ಮನೆಯವರು ಗುಮಾಸ್ತರಾಗಿ ಬಂದವರು. ಇಂಗ್ಲಿಷ್ ಓದಿದ್ದ ಮಲಯಾಳಿಗಳು, ಜಾಫ್ನಾ ತಮಿಳರು ರೈಲ್ವೆಗೆ, ತೋಟದ ಆಫೀಸಿಗೆ ಬಂದರು. ಚೆಟ್ಟಿಯಾರರು ಲೇವಾದೇವಿಗೆ ಬಂದರು. ಪಂಜಾಬಿಗಳು ಪೊಲೀಸಿಗೆ ಬಂದರು. ಇವರ ಮಕ್ಕಳೇ ಡಾಕ್ಟರು, ವಕೀಲರು ಆದವರಲ್ಲಿ ಜಾಸ್ತಿ. ತೋಟದ ಜನ ಬೇರೆಯೇ. ಇಬ್ಬರನ್ನೂ ಕೂಡಿಸಿ ಮಧ್ಯಮ ತೆಗೆದರೆ ತೋಟದವರು ಕಾಣುವುದೇ ಇಲ್ಲ. ಕಂಪನಿಗಳ ಷೇರು ಬಂಡವಾಳದಲ್ಲಿ ಭಾರತೀಯರ ಪಾಲು 1970ರಲ್ಲೂ ಶೇ. 1ರ ಆಸುಪಾಸು, ಆಮೇಲಿನ ದಶಕಗಳಲ್ಲೂ ಅಷ್ಟೇ. ಜನಸಂಖ್ಯೆಯಲ್ಲಿ ಶೇ. 7ರ ಹತ್ತಿರ ಇರುವವರು ಇವರು.

ನಮ್ಮ ಪಕ್ಕದ ಮನೆಯ ಪಾಟಿ (ತಮಿಳು ಅಜ್ಜಿ) ತೋಟದಲ್ಲಿ ಹುಟ್ಟಿ ಬೆಳೆದವರು. ಅವರು ಹೇಳುವುದು ಕೇಳಿ. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಹೊರಡಬೇಕು. ಬಿಸಿಲು ಏರುವ ಮೊದಲು ಮರಕ್ಕೆ ಗೀರು ಹಾಕಿ ಮುಗಿಸಬೇಕು, ಬಿಸಿಲಾದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಮಳೆ ಬಂದರೆ ಕೆಲಸ ಇಲ್ಲ, ಕೂಲಿಯೂ ಇಲ್ಲ. ಮಗುವನ್ನು ಆಯಾ ಕೊಟ್ಟಿಗೆಯಲ್ಲಿ, ಅಂದರೆ ಆಯಾ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಲ್ಲಿ, ಬಿಟ್ಟು ಹೋಗುವುದು. ಮನೆ ತೋಟದ್ದು, ನೀರು ತೋಟದ್ದು, ಶಾಲೆ ತೋಟದ್ದು, ಗುಡಿಯ ಜಾಗವೂ ತೋಟದ್ದು, ಶೇಂದಿ ಅಂಗಡಿಯೂ ತೋಟದ ಒಳಗೇ. ತೋಟ ಮಾರಿದ ದಿನ ಇದಷ್ಟೂ ಒಟ್ಟಿಗೇ ಹೋಯಿತು. ಟ್ರಿನಿಡಾಡ್‌ನವರು ಕೆಲಸ ಕಳಕೊಂಡರೆ ಕೆಲಸ ಮಾತ್ರ ಹೋಗುತ್ತಿತ್ತು. ಇವರಿಗೆ ತಲೆ ಮೇಲಿನ ಸೂರೂ ಹೋಗುತ್ತಿತ್ತು.

ಓದುಹುಳ
ಮಲೇಷ್ಯಾದ ಹೊಸ ಆಡಳಿತ ರಾಜಧಾನಿ ಪುತ್ರಜಯ ಕಟ್ಟಿದ ಜಾಗವೂ ತೋಟವೇ ಅಲ್ವಾ?

ಇಪೋ_ಸೊಸೆ
ಹೌದು. ಪೆರಾಂಗ್ ಬೆಸಾರ್ ಅಂತ ರಬ್ಬರ್ ತೋಟ. ಅದರ ಜೊತೆಗೆ ಅಕ್ಕಪಕ್ಕದ ತೋಟಗಳು. ಅಲ್ಲಿದ್ದ ಸಂಸಾರಗಳನ್ನು ದೆಂಗ್ಕಿಲ್‌ನ ಫ್ಲ್ಯಾಟುಗಳಿಗೆ ಹಾಕಿದರು. ಗೋಡೆ ಬಿರುಕು ಬಿಟ್ಟ ಆ ಫ್ಲ್ಯಾಟುಗಳ ಬಗ್ಗೆ ವರ್ಷಗಟ್ಟಲೆ ದೂರು ಕೊಡುತ್ತಾ ಬಂದರು. ಸುಬಾಂಗ್ ಜಯದ ಬಡಾವಣೆಗಳೂ ಸೀಫೀಲ್ಡ್ ತೋಟದ ಮೇಲೆ ಎದ್ದವು. ಒಬ್ಬೊಬ್ಬರ ಮೂರು ತಲೆಮಾರು ಮರ ಗೀರಿದ ನೆಲ ಅದು.

ಬಳ್ಳಾರಿ_ಬಿಸಿಲು
ಹಾಗಾದರೆ ಸಂಬಳ ಉಳಿಸಿ ಜಮೀನು ಕೊಳ್ಳಬಹುದಿತ್ತಲ್ಲ? ಟ್ರಿನಿಡಾಡ್‌ನವರು 25 ಸೆಂಟ್‌ನಲ್ಲಿ ಉಳಿಸಲಿಲ್ವಾ? ಶೇಂದಿ ಕುಡಿದು ಹಾಳಾದದ್ದೂ ಒಂದು ಕಾರಣ ಅಂತ ಯಾಕೆ ಯಾರೂ ಹೇಳುವುದಿಲ್ಲ?

ಧಾರವಾಡದ_ಮೇಷ್ಟ್ರು
ಹೇಳಿದ್ದಾರೆ, ಮೊದಲು ಹೇಳಿದವರು ಆ ಕೂಲಿಗಳೇ. 1941ರಲ್ಲಿ ಕ್ಲಾಂಗ್ ಕಡೆಯ ತೋಟಗಳಲ್ಲಿ ದೊಡ್ಡ ಮುಷ್ಕರ ಆಯಿತು. ಅವರ ಬೇಡಿಕೆಗಳಲ್ಲಿ ಶೇಂದಿ ಅಂಗಡಿ ಮುಚ್ಚಿ ಅನ್ನುವುದೂ ಒಂದು. ಸರ್ಕಾರ ಪಡೆ ಕಳಿಸಿ ಮುಷ್ಕರ ಮುರಿಯಿತು, ಕೂಲಿಗಳು ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನೀಯರು ಬಂದರು. ಸಯಾಮ್ (ಈಗಿನ ಥಾಯ್ಲೆಂಡ್) ರೈಲು ಹಾದಿ ಹಾಕಲು ತೋಟದ ತಮಿಳರನ್ನು ಹಿಡಿದು ಒಯ್ದರು, ಸಾವಿರಾರು ಜನ ಕಾಡಿನಲ್ಲೇ ಸತ್ತರು. ಹಣ ಕೂಡಿಡುವ ತಲೆಮಾರು ಅಲ್ಲಿಗೆ ಕತ್ತರಿಸಿ ಹೋಯಿತು. ಇನ್ನು ಕುಡಿತ ಅಂದಿರಿ. ಟ್ರಿನಿಡಾಡ್‌ನಲ್ಲೂ ಕಬ್ಬಿನ ತೋಟದ ಪಕ್ಕ ರಮ್ ಅಂಗಡಿ ಇದ್ದೇ ಇತ್ತು. ಅಲ್ಲಿನವರೂ ಕುಡಿದರು.

ಸುಳ್ಯದವ
ಈ ಚರ್ಚೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಮ್ಮ ಸುಳ್ಯ, ಪುತ್ತೂರು ಕಡೆ ಸರ್ಕಾರಿ ರಬ್ಬರ್ ತೋಟಗಳಲ್ಲಿ ಇರುವ ತಮಿಳರ ಬಗ್ಗೆ ಎಷ್ಟು ಜನರಿಗೆ ಗೊತ್ತು? ಇವರು ಸಿಲೋನಿನ ಚಹಾ ತೋಟಗಳಿಗೆ ಇದೇ ಕಂಗಾಣಿ ಪದ್ಧತಿಯಲ್ಲಿ ಹೋದವರ ಮಕ್ಕಳು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ನಡುವೆ ಒಪ್ಪಂದ ಆಯಿತಲ್ಲ, ಅದರ ಪ್ರಕಾರ ವಾಪಸ್ ಬಂದವರಲ್ಲಿ ಕೆಲವರನ್ನು ಇಲ್ಲಿ ತಂದು ರಬ್ಬರ್ ಕೆಲಸಕ್ಕೆ ಹಾಕಿದರು.

ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯನ ಮನೆ ಅದೇ ಕಾಲೊನಿಯಲ್ಲಿ. ಅವನ ಅಮ್ಮ ಮರ ಗೀರಲು ಹೋಗುವಾಗ ನಾವೂ ಹಿಂದೆ ಹೋಗುತ್ತಿದ್ದೆವು. ಒಂದೊಂದು ಮರಕ್ಕೂ ಓರೆಯಾಗಿ ತೆಳ್ಳಗೆ ಒಂದು ಎಳೆ ತೊಗಟೆ ತೆಗೆಯಬೇಕು. ಚಾಕು ಸ್ವಲ್ಪ ಆಳಕ್ಕೆ ಹೋದರೆ ಮರ ಕೆಡುತ್ತದೆ, ಬೈಗುಳ ಬೀಳುತ್ತದೆ. ಆಮೇಲೆ ಚಿಪ್ಪಿನಲ್ಲಿ ತುಂಬಿದ ಹಾಲನ್ನು ಬಕೆಟಿಗೆ ಸುರಿದು ಗುಡ್ಡ ಇಳಿಸಿ ತೂಕಕ್ಕೆ ತರಬೇಕು. ಅಮ್ಮ ನಿವೃತ್ತಿ ಆದಾಗ ಕ್ವಾರ್ಟರ್ಸ್ ಬಿಡಬೇಕು ಅಂದರು. ಇಡೀ ಜೀವಮಾನ ದುಡಿದು ಕೊನೆಗೆ ಹೋಗುವುದು ಎಲ್ಲಿಗೆ? ಅವನು ಬೆಂಗಳೂರಿನಲ್ಲಿ ಡ್ರೈವರ್ ಕೆಲಸ ಮಾಡಿ ದುಡ್ಡು ಕೂಡಿಸಿ ಪೇಟೆಯ ಹತ್ತಿರ ಐದು ಸೆಂಟ್ಸ್ ಜಾಗ ಮಾಡಿದ. ಅವನ ತಂಗಿ ಈಗ ನರ್ಸ್. ಮನೆ ಅಂತ ಒಂದು ಆದ ಮೇಲೆ ಬ್ಯಾಂಕಿನವರೂ ಓದಿಗೆ ಸಾಲ ಕೊಟ್ಟರು. ಮೇಷ್ಟ್ರು ಹೇಳಿದ ಜಮೀನಿನ ಮಾತು ನಾನು ಕಣ್ಣಾರೆ ಕಂಡದ್ದು.

ಕೆಎಲ್_ಕುಂದಾಪುರ
ಸುಳ್ಯದವರೇ, ತುಂಬಾ ಥ್ಯಾಂಕ್ಸ್. ನಮ್ಮ ಊರಿನ ಅಷ್ಟು ಹತ್ತಿರ ಇದ್ದೂ ಈ ವಿಷಯ ಯಾರೂ ನಮಗೆ ಹೇಳಿರಲಿಲ್ಲ.

ಟೊರಾಂಟೊ_ಸುಮಾ
ಜಮೀನು ಒಂದೇ ಕಾರಣ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಗಯಾನಾದ ಭಾರತೀಯರಿಗೂ ಜಮೀನು ಇತ್ತು. ಭತ್ತ ಬೆಳೆದು ಇಡೀ ಕೆರಿಬಿಯನ್‌ಗೆ ಅಕ್ಕಿ ಕೊಟ್ಟವರು ಅವರು. ಆದರೂ 1970, 80ರ ದಶಕದಲ್ಲಿ ಬರ್ನ್‌ಹ್ಯಾಮ್ ಸರ್ಕಾರದ ಕಾಲಕ್ಕೆ ದೇಶವೇ ದಿವಾಳಿ ಅಂಚಿಗೆ ಬಂತು. ಗೋಧಿ ಹಿಟ್ಟು ತರಿಸುವುದನ್ನೇ ನಿಷೇಧ ಮಾಡಿದ್ದರು! ರೊಟ್ಟಿ ತಿನ್ನುವ ಜನ ಕದ್ದು ಹಿಟ್ಟು ತರಬೇಕಾಯಿತು. ಇಲ್ಲಿ ನನಗೆ ಗಯಾನಾದ ಗೆಳತಿ ಇದ್ದಾಳೆ. ಅವರ ಮನೆಯಲ್ಲಿ ಹಿಟ್ಟಿನ ಡಬ್ಬವನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದರಂತೆ. ಜಮೀನು ಇದ್ದೂ ಬಿಟ್ಟು ಓಡಿದರು. ನ್ಯೂಯಾರ್ಕಿನ ರಿಚ್‌ಮಂಡ್ ಹಿಲ್, ನಮ್ಮ ಟೊರಾಂಟೊ ತುಂಬಾ ಅವರೇ. ಈಗ 2015ರಲ್ಲಿ ಸಮುದ್ರದಲ್ಲಿ ಎಣ್ಣೆ ಸಿಕ್ಕಿ ದೇಶದ ದೆಸೆ ತಿರುಗಿದೆ, ಅದು ಬೇರೆ ಮಾತು. ಟ್ರಿನಿಡಾಡ್ ಮೇಲೆ ಬಂದದ್ದೂ ಕಬ್ಬಿನಿಂದ ಅಲ್ಲ, ಎಣ್ಣೆ ಮತ್ತು ಗ್ಯಾಸ್‌ನಿಂದ.

ಲೆಕ್ಕಿಗ
ಸುಮಾ ಮೇಡಂ ಹೇಳಿದ್ದು ನೂರಕ್ಕೆ ನೂರು. ದೇಶಕ್ಕೆ ದುಡ್ಡು ಎಲ್ಲಿಂದ ಬಂತು, ಸರ್ಕಾರ ಯಾರ ಕೈಯಲ್ಲಿ ಇತ್ತು ಅನ್ನೋದೇ ಮುಖ್ಯ. 10 ಎಕರೆಯ ಕಥೆಯನ್ನು ಅತಿ ಮಾಡಬೇಡಿ.

ಧಾರವಾಡದ_ಮೇಷ್ಟ್ರು
ಗಯಾನಾದವರು ಓಡಲು ಸಾಧ್ಯ ಆದದ್ದೂ ಮಾರಲು ಏನೋ ಒಂದು ಇದ್ದದ್ದರಿಂದ. ಟಿಕೆಟ್ಟಿನ ದುಡ್ಡು ಎಲ್ಲಿಂದ ಬರುತ್ತದೆ? ಲೈನ್ ಮನೆಯಲ್ಲಿ ಇದ್ದವನು ಏನನ್ನು ಮಾರಬೇಕು?

ಇನ್ನು ಸರ್ಕಾರದ ಮಾತು ಬಂತಲ್ಲ, ಅದಕ್ಕೂ ಜಮೀನಿಗೂ ಮಲೇಷ್ಯಾದಲ್ಲಿ ನೇರ ನಂಟು ಇದೆ. 1956ರಲ್ಲಿ ಫೆಲ್ಡಾ ಅಂತ ಸಂಸ್ಥೆ ಶುರುವಾಯಿತು. ಜಮೀನಿಲ್ಲದವರಿಗೆ ಕಾಡು ಕಡಿದು, ಸುಮಾರು 10 ಎಕರೆ ರಬ್ಬರ್ ಅಥವಾ ತಾಳೆ ತೋಟ, ಒಂದು ಮನೆ ಕೊಡುವ ಯೋಜನೆ. ಅದ್ಭುತ ಯೋಜನೆ, ಸಾವಿರಾರು ಬಡ ಸಂಸಾರಗಳು ಮೇಲೆ ಬಂದವು. ಆದರೆ ಹೆಚ್ಚುಕಡಿಮೆ ಎಲ್ಲರೂ ಮಲಯ್ ಜನ. ಆ ದೇಶದಲ್ಲಿ ರಬ್ಬರ್ ಕೆಲಸ ಅತ್ಯಂತ ಚೆನ್ನಾಗಿ ಗೊತ್ತಿದ್ದ ತಮಿಳು ಕೂಲಿಗೆ ಅದರಲ್ಲಿ ಪಾಲು ಸಿಗಲಿಲ್ಲ. 1968ರಲ್ಲಿ ಪೌರತ್ವ ಇಲ್ಲದವರಿಗೆ ಕೆಲಸದ ಪರ್ಮಿಟ್ ಕಡ್ಡಾಯ ಮಾಡಿದರು. ಕಾಗದ ಪತ್ರ ಇಲ್ಲದ ಸಾವಿರಾರು ತೋಟದವರು ಗಂಟುಮೂಟೆ ಕಟ್ಟಿದರು. 1969ರ ಮಲಯ್-ಚೀನೀ ಗಲಭೆ ಆದ ಮೇಲೆ 1971ರಲ್ಲಿ ಹೊಸ ಆರ್ಥಿಕ ನೀತಿ ಬಂತು. ಕಂಪನಿಗಳಲ್ಲಿ ಶೇ. 30 ಪಾಲು ಭೂಮಿಪುತ್ರರಿಗೆ ಸಿಗಬೇಕು ಅನ್ನುವ ಗುರಿ ಇಟ್ಟರು. ಬಡತನ ಯಾವ ಜನಾಂಗದ್ದಾದರೂ ನೀಗಿಸುತ್ತೇವೆ ಅಂತಲೂ ಅದೇ ನೀತಿಯಲ್ಲಿ ಬರೆದಿತ್ತು. ತೋಟದ ಬಾಗಿಲಿಗೆ ಆ ಮಾತು ಮುಟ್ಟಲಿಲ್ಲ.

ಬಳ್ಳಾರಿ_ಬಿಸಿಲು
ಅವರ ಪರ ಮಾತಾಡಲು ಪಕ್ಷ ಇರಲಿಲ್ವಾ?

ಇಪೋ_ಸೊಸೆ
ಇತ್ತು, ಎಂಐಸಿ (ಮಲೇಷ್ಯನ್ ಇಂಡಿಯನ್ ಕಾಂಗ್ರೆಸ್). ಸ್ವಾತಂತ್ರ್ಯ ಬಂದಾಗಿನಿಂದ 2018ರ ತನಕ ಆಳುವ ಕೂಟದಲ್ಲೇ ಇತ್ತು. ಅದರ ನಾಯಕರಾಗಿದ್ದ ಸಂಬಂಧನ್ 1960ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಬ್ರಿಟಿಷ್ ಕಂಪನಿಗಳು ತೋಟ ತುಂಡು ಮಾಡಿ ಮಾರುತ್ತಿದ್ದಾಗ ಕೂಲಿಗಳಿಂದಲೇ ಸ್ವಲ್ಪ ಸ್ವಲ್ಪ ಹಣ ಕೂಡಿಸಿ ತೋಟ ಕೊಳ್ಳುವ ಸಹಕಾರ ಸಂಘ ಕಟ್ಟಿದರು. ಆ ಸಂಘ ಈಗಲೂ ಇದೆ. ಆಮೇಲೆ 1980ರ ದಶಕದಲ್ಲಿ ಎಂಐಸಿಯೇ ಶುರು ಮಾಡಿದ ಮೈಕಾ ಹೋಲ್ಡಿಂಗ್ಸ್ ಅನ್ನುವ ಹೂಡಿಕೆ ಕಂಪನಿ ಬಂತು. ಸುಮಾರು 66,000 ಜನ 10 ಕೋಟಿ ರಿಂಗಿಟ್‌ಗೂ ಹೆಚ್ಚು ಹಾಕಿದರು. ಅದರಲ್ಲಿ ಬಡವರು ಬಹಳ. ನಮ್ಮ ಪಾಟಿ ಸರ ಅಡವಿಟ್ಟು ಷೇರು ತಗೊಂಡಿದ್ದರು. ಅಂದುಕೊಂಡ ಲಾಭ ಬರಲೇ ಇಲ್ಲ. ಷೇರಿನ ಕಾಗದ ಇನ್ನೂ ಪೆಟ್ಟಿಗೆಯಲ್ಲಿದೆ.

2007ರ ನವೆಂಬರ್ 25ರಂದು ಹಿಂದ್ರಾಫ್ ಅನ್ನುವ ಹಿಂದೂ ಹಕ್ಕುಗಳ ಸಂಘಟನೆ ಕರೆ ಕೊಟ್ಟಾಗ ಸಾವಿರಾರು ಜನ ಕೌಲಾಲಂಪುರದ ಬೀದಿಗೆ ಇಳಿದದ್ದು ಇದೆಲ್ಲ ಮಡುಗಟ್ಟಿದ್ದರಿಂದ.

ಓದುಹುಳ
ಸಂಖ್ಯೆಯೂ ಮುಖ್ಯ ಅಲ್ವಾ? ಟ್ರಿನಿಡಾಡ್‌ನ 2011ರ ಜನಗಣತಿಯಲ್ಲಿ ಭಾರತೀಯ ಮೂಲದವರು ಶೇ. 35ರಷ್ಟು, ಆಫ್ರಿಕಾ ಮೂಲದವರು ಶೇ. 34ರಷ್ಟು. ಹೆಚ್ಚುಕಡಿಮೆ ಸಮ. ಹಾಗಾಗಿ 1995ರಲ್ಲಿ ಕಬ್ಬಿನ ಕೂಲಿಗಳ ಸಂಘದ ನಾಯಕ ಬಾಸ್‌ದೇವ್ ಪಾಂಡೆ ಪ್ರಧಾನಿ ಆಗಲು ಸಾಧ್ಯ ಆಯಿತು. 2010ರಲ್ಲಿ ಕಮಲಾ ಪ್ರಸಾದ್ ಬಿಸ್ಸೇಸರ್, 2025ರಲ್ಲಿ ಮತ್ತೆ ಅವರೇ. ಶೇ. 7 ಇದ್ದವರಿಗೆ ಮಲೇಷ್ಯಾದಲ್ಲಿ ಇದು ಆಗುವ ಮಾತಾ?

ಕನ್ನಡ_ಶಾಲೆ
ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಶಾಲೆ. ಮಲೇಷ್ಯಾದಲ್ಲಿ 500ಕ್ಕೂ ಹೆಚ್ಚು ತಮಿಳು ಪ್ರಾಥಮಿಕ ಶಾಲೆಗಳು ಇವತ್ತಿಗೂ ಇವೆ. ಟ್ರಿನಿಡಾಡ್‌ನಲ್ಲಿ ಭೋಜಪುರಿ ಮನೆಮಾತಾಗಿ ಉಳಿದೇ ಇಲ್ಲ. ದುಡ್ಡು ಬಂತು, ಭಾಷೆ ಹೋಯಿತು. ಇದನ್ನು ಯಾವ ಖಾತೆಗೆ ಬರೆಯುತ್ತೀರಿ?

ಬಳ್ಳಾರಿ_ಬಿಸಿಲು
ಅದೇ ಕಾರಣ ಇರಬಹುದಲ್ಲ! ಇಂಗ್ಲಿಷ್ ಕಲಿತವರು ಮೇಲೆ ಬಂದರು, ತಮಿಳು ಶಾಲೆಗೆ ಹೋದವರು ತೋಟದಲ್ಲೇ ಉಳಿದರು.

ಕನ್ನಡ_ಶಾಲೆ
ಅದನ್ನು ನಾನು ಒಪ್ಪುವುದಿಲ್ಲ. ತಪ್ಪು ತಮಿಳಿನದ್ದಲ್ಲ. ತೋಟದಲ್ಲಿ ಶಾಲೆ ಇಡಬೇಕು ಅಂತ ಕಾನೂನು ಇತ್ತು, ಆದರೆ ಧಣಿಗೆ ಬೇಕಾದದ್ದು ಮುಂದಿನ ಕೂಲಿ. ಹಾಗಾಗಿ ಶಾಲೆ ಅಂದರೆ ಒಂದು ಕೋಣೆ, ಒಬ್ಬ ಮೇಷ್ಟ್ರು. ಕೆಲವು ಕಡೆ ಆ ಮೇಷ್ಟ್ರೂ ತೋಟದ ಗುಮಾಸ್ತನೇ. ಆರನೇ ಕ್ಲಾಸ್ ಮುಗಿದ ಮೇಲೆ ಹೈಸ್ಕೂಲಿಗೆ ಮಲಯ್ ಮಾಧ್ಯಮ. ಅದಕ್ಕೆ ಒಂದು ವರ್ಷ ಜಾಸ್ತಿ ಕೂತು ಭಾಷೆ ಕಲಿಯಬೇಕು. ಅಲ್ಲೇ ಎಷ್ಟೋ ಮಕ್ಕಳು ಶಾಲೆ ಬಿಟ್ಟರು. ನಮ್ಮ ಹಳ್ಳಿ ಶಾಲೆಗಳಿಗೆ ಮೇಷ್ಟ್ರು ಕೊಡದೆ ಇದ್ದು, ಕೊನೆಗೆ ಕನ್ನಡ ಮಾಧ್ಯಮವನ್ನು ಬೈಯುವ ಹಾಗೆಯೇ ಇದು.

ಧಾರವಾಡದ_ಮೇಷ್ಟ್ರು
ಸರಿಯಾಗಿ ಹೇಳಿದಿರಿ. ಟ್ರಿನಿಡಾಡ್‌ನಲ್ಲಿ 1868ರಲ್ಲೇ ಕೆನಡಾದ ಪಾದ್ರಿ ಜಾನ್ ಮಾರ್ಟನ್ ಬಂದು ಕೂಲಿಗಳ ಮಕ್ಕಳಿಗೆ ಅಂತಲೇ ಶಾಲೆ ಶುರು ಮಾಡಿದರು. ಮೊದಮೊದಲು ಪಾಠ ಹಿಂದಿಯಲ್ಲೂ ನಡೆಯಿತು. ಮತಾಂತರದ ಉದ್ದೇಶವೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. 1950ರ ದಶಕದಲ್ಲಿ ಅಲ್ಲಿನ ಹಿಂದೂಗಳ ಸನಾತನ ಧರ್ಮ ಮಹಾಸಭೆಯವರೂ ಹಳ್ಳಿ ಹಳ್ಳಿಯಲ್ಲಿ ಶಾಲೆ ಕಟ್ಟಿದರು. ಈ ಶಾಲೆಗಳಿಗೆ ತೋಟದ ಧಣಿ ಯಜಮಾನ ಆಗಿರಲಿಲ್ಲ.

ಕ್ರಿಕೆಟ್_ಹುಚ್ಚ
ಮಲೇಷ್ಯಾದ ಆನಂದ ಕೃಷ್ಣನ್ ಬಗ್ಗೆ ಯಾರೂ ಹೇಳಿಲ್ಲ? ಏರ್‌ಸೆಲ್ ಸಿಮ್ ಇಟ್ಟುಕೊಂಡಿದ್ದವರಿಗೆ ನೆನಪಿರಬೇಕು, ಅವರ ಮ್ಯಾಕ್ಸಿಸ್ ಕಂಪನಿಯದ್ದೇ ಅದು.

ಇಪೋ_ಸೊಸೆ
ದೊಡ್ಡ ಉದ್ಯಮಿ, 2024ರಲ್ಲಿ ತೀರಿಕೊಂಡರು. ಆದರೆ ಅವರದ್ದು ಜಾಫ್ನಾ ತಮಿಳು ಮೂಲದ ಸರ್ಕಾರಿ ನೌಕರರ ಮನೆತನ. ನಾನು ಮೊದಲೇ ಹೇಳಿದೆನಲ್ಲ, ಎರಡು ಲೋಕ ಅಂತ.

ಟೊರಾಂಟೊ_ಸುಮಾ
ಟ್ರಿನಿಡಾಡ್‌ನಲ್ಲೂ ಕೊನೆಯ ತಲೆಮಾರಿನ ಕೂಲಿಗಳ ಪಾಡು ಚೆನ್ನಾಗಿರಲಿಲ್ಲ, ಅದೂ ದಾಖಲಾಗಲಿ. 2003ರಲ್ಲಿ ಸರ್ಕಾರಿ ಸಕ್ಕರೆ ಕಂಪನಿ ಕರೋನಿ ಮುಚ್ಚಿದಾಗ ಸುಮಾರು 9,000 ಜನರ ಕೆಲಸ ಹೋಯಿತು. ತಲಾ ಎರಡು ಎಕರೆ ಗುತ್ತಿಗೆ ಜಮೀನು ಕೊಡುತ್ತೇವೆ ಅಂದಿದ್ದರು. ಆ ಕಾಗದಕ್ಕಾಗಿ ಜನ ವರ್ಷಗಟ್ಟಲೆ ಅಲೆದರು.

ಲೆಕ್ಕಿಗ
ಮೇಷ್ಟ್ರೇ, ಕೊನೆಗೆ ಒಂದು ಸವಾಲು. ಜಮೈಕಾಕ್ಕೂ ಸುಮಾರು 36,000 ಭಾರತೀಯರು ಹೋದರು. ಈಗ ಅಲ್ಲಿ ಅವರು ಶೇ. 1ರಷ್ಟೂ ಇಲ್ಲ. ಟ್ರಿನಿಡಾಡ್‌ನವರ ಹಾಗೆ ಅವರು ಒಂದು ಶಕ್ತಿಯಾಗಿ ಎದ್ದು ನಿಲ್ಲಲಿಲ್ಲ. ಅದೇ ಕರಾರು, ಅದೇ ಕಬ್ಬು. ಹಾಗಾದರೆ ಸಂಖ್ಯೆಯೇ ನಿರ್ಧರಿಸಿತು ಅಂತ ಆಗಲಿಲ್ವಾ?

ಧಾರವಾಡದ_ಮೇಷ್ಟ್ರು
ಸಂಖ್ಯೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ನಾನು ಕೇಳುವುದು ಇಷ್ಟೇ: ಸಂಖ್ಯೆ ನೆಲೆ ನಿಂತದ್ದು ಹೇಗೆ? ಟ್ರಿನಿಡಾಡ್‌ಗೆ ಹೋದವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಊರಿಗೆ ವಾಪಸ್ ಬಂದರು. ಉಳಿದವರು ಉಳಿದದ್ದಕ್ಕೆ ಕಾಲ ಕೆಳಗೆ ನೆಲ ಇದ್ದದ್ದು ದೊಡ್ಡ ಕಾರಣ. ಜಮೈಕಾದಲ್ಲಿ ಹಂಚುವಷ್ಟು ಒಳ್ಳೆಯ ಖಾಲಿ ನೆಲ ಟ್ರಿನಿಡಾಡ್‌ನಷ್ಟು ಇರಲಿಲ್ಲ. ನೀವು ಸೂರಿನಾಮ್ ತೆಗೆದು ನೋಡಿ. 1873ರಿಂದ ಹೋದವರು ಸುಮಾರು 34,000, ಜಮೈಕಾಕ್ಕಿಂತಲೂ ಕಡಿಮೆ. ಅಲ್ಲಿ ಡಚ್ಚರು ಜಮೀನು ಕೊಟ್ಟರು. ಇವತ್ತು ಹಿಂದೂಸ್ತಾನಿಗಳು ಆ ದೇಶದ ಕಾಲು ಭಾಗಕ್ಕಿಂತ ಜಾಸ್ತಿ ಇದ್ದಾರೆ.

ಲೆಕ್ಕಿಗ
ಸೂರಿನಾಮ್ ಜನ ಕಡಿಮೆ ಇರುವ ದೇಶ, ಅಲ್ಲಿ 34,000 ಅಂದರೆ ದೊಡ್ಡ ಪಾಲು. ಜಮೈಕಾದಲ್ಲಿ ಆಗಲೇ ಲಕ್ಷಗಟ್ಟಲೆ ಜನ ಇದ್ದರು. ಈ ಹೋಲಿಕೆ ನಿಲ್ಲುವುದಿಲ್ಲ.

ಕೆಎಲ್_ಕುಂದಾಪುರ
ಇಬ್ಬರೂ ಜಮೈಕಾ, ಸೂರಿನಾಮ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾನು ಖಂಡಿತ ಬರುತ್ತೇನೆ. ಇಪೋ ಅಕ್ಕ, ನಿಮ್ಮ ಪಾಟಿ ಮಾತಾಡಲು ಒಪ್ಪಿದರೆ ಒಂದು ಭಾನುವಾರ ಬರಲೇ? ನಮ್ಮ ಗೇಟಿನ ಅಣ್ಣನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರ ಅಜ್ಜನ ತೋಟವೂ ನಿಮ್ಮ ಇಪೋ ಇರುವ ಪೆರಾಕ್ ಕಡೆಯದ್ದೇ ಅಂತೆ.

ಇಪೋ_ಸೊಸೆ
ಬನ್ನಿ ತಮ್ಮ, ಇಬ್ಬರೂ ಊಟಕ್ಕೇ ಬನ್ನಿ. ತೋಟದ ಹೆಸರು ಕೇಳಿ ಮೊದಲೇ ತಿಳಿಸಿ, ಪಾಟಿಗೆ ಆ ಕಡೆಯ ತೋಟಗಳೆಲ್ಲ ಗೊತ್ತು.